ಸಹಾಯ ಬೇಕ್ರಿ: ಟೆಲಿಹ್ಯಾಂಡ್ಲರ್ ಬೂಮ್ ತಾನಾಗೇ ಇಳಿತೈತಿ

ವಿಜಯಪುರದ ಸೈಟಿನ್ಯಾಗ 3 ಟನ್ನಿನ ಟೆಲಿಹ್ಯಾಂಡ್ಲರ್ (ಉದ್ದಾಗೂ ತೋಳಿನಿಂದ, ಅಂದ್ರ ಬೂಮಿನಿಂದ, ಸಾಮಾನು ಎತ್ತೂ ಗಾಡಿ) ಐತಿ. ಇಟ್ಟಂಗಿ ಪ್ಯಾಲೆಟ್ ಎತ್ತಿ ಲಿವರ್ ಬಿಟ್ರ ಬೂಮ್ ಮೆಲ್ಲಕ ಇಳಿತೈತಿ. ಖಾಲಿ ಇದ್ರ ನಿಂತಿರತೈತಿ. ಹೊರಗ ಎಲ್ಲೂ ಎಣ್ಣಿ ಸೋರಿಲ್ಲ, ಟ್ಯಾಂಕಿನ ಲೆವೆಲ್ ಸರಿ ಐತಿ. ಇಂಜಿನ್ ಬಂದ್ ಮಾಡಿದ್ರೂ ಇಳಿಯೂದಕ್ಕ ಪಂಪಿನ ಮ್ಯಾಲೆ ಅನುಮಾನ ಇಲ್ಲ. ಲಿಫ್ಟ್ ಸಿಲಿಂಡರಿನ ಪಿಸ್ಟನ್ ಸೀಲ್ ಹೋಗಿರಬೇಕು, ಇಲ್ಲಾ ಸಿಲಿಂಡರಿಗೆ ಕೂಡಿಸಿರೋ ಲೋಡ್ ಹೋಲ್ಡಿಂಗ್ ವಾಲ್ವಿನ (ಎಣ್ಣಿ ತಡದು ಭಾರ ಹಿಡದಿಡೂ ವಾಲ್ವ್) ಸೀಟಿನ್ಯಾಗ ಕಸ ಸಿಕ್ಕಿರಬೇಕು. ಎಣ್ಣಿ ಕರ್ರಗಾಗೇತಿ, ಅದಕ್ಕ ವಾಲ್ವೇ ಇರಬಹುದು ಅನಿಸ್ತೈತಿ.

ವಾಲ್ವಿನ ಸ್ಕ್ರೂ ತಿರುವಿ ನೋಡ್ರಿ ಅನ್ನೂ ಸಲಹೆ ಮಾತ್ರ ಬ್ಯಾಡ್ರಿ, ಸೆಟ್ಟಿಂಗ್ ತಪ್ಪಿದ್ರ ಬೂಮ್ ಧಡಕ್ಕನೆ ಬೀಳತೈತಿ.

ಬೂಮ್ ನೆಲಕ್ಕ ಇಳಿಸಿ, ಪ್ರೆಶರ್ ಬಿಟ್ಟು ವಾಲ್ವಿನ ಕಾರ್ಟ್ರಿಡ್ಜ್ (ಬಿಚ್ಚಿ ತಗಿಯೂ ಒಳಗಿನ ಭಾಗ) ಬಿಚ್ಚಿ ಕೊಡತೀವಿ. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಾಗ ಅದನ್ನ ಬೆಂಚಿನ ಮ್ಯಾಲೆ ಪ್ರೆಶರ್ ಟೆಸ್ಟ್ ಮಾಡೋರು ಯಾರರೆ ಅದಾರೇನ್ರಿ? ಸೀಲ್ ಕಿಟ್ ಬಿಡಿಯಾಗಿ ಸಿಗತೈತೋ, ಪೂರ್ತಿ ಕಾರ್ಟ್ರಿಡ್ಜೇ ಹಾಕಬೇಕೋ?