ವಿದೇಶದಲ್ಲಿ ಬೇಸಿಗೆ ಇಂಟರ್ನ್‌ಶಿಪ್: ಕೈಕೆಳಗೆ ಯಾರೂ ಇಲ್ಲದೆ ನಾಯಕತ್ವ ಕಲಿಯುವುದು ಹೇಗೆ?

ಪ್ರಶ್ನೆ: ಹತ್ತು ವಾರದ ಇಂಟರ್ನ್‌ಶಿಪ್‌ಗೆ ವಿದೇಶಕ್ಕೆ ಹೊರಟಿದ್ದೇನೆ. ಕೆಲಸ ಕಲಿಯಬಹುದು, ಸರಿ. ಆದರೆ ಎಲ್ಲರೂ ಹೇಳುವ ಆ ‘ನಾಯಕತ್ವ’ ಇಂಟರ್ನ್‌ಗೆ ಎಲ್ಲಿಂದ ಬರಬೇಕು? ಹೋಗಿ ಬಂದವರು, ಇಂಟರ್ನ್‌ಗಳಿಗೆ ಕೆಲಸ ಹಚ್ಚಿದವರು ಹೇಳಿ.

*

ಮೊದಲು ದಿನ ಎಣಿಸಿ. ಹತ್ತು ವಾರ ಅಂದರೆ 50 ಕೆಲಸದ ದಿನ. ಲಾಗಿನ್, ಪಾಸ್ ಅಂತ ಮೊದಲ ವಾರ ಹೋಗುತ್ತದೆ, ವರದಿ ಅಂತ ಕೊನೆಯದು. ಉಳಿಯುವುದು 40. ಫ್ರಾನ್ಸ್, ಇಟಲಿ ಕಡೆಯಾದರೆ ಆಗಸ್ಟ್‌ನಲ್ಲಿ ಬಹಳಷ್ಟು ಜನ ರಜೆ ಹಾಕುತ್ತಾರೆ. ನಿಮ್ಮ ಮೇಲ್ವಿಚಾರಕರ ರಜೆ ಯಾವಾಗ, ಅವರಿಲ್ಲದಾಗ ಒಪ್ಪಿಗೆ ಕೊಡುವವರು ಯಾರು ಎಂದು ಮೊದಲ ದಿನವೇ ಕೇಳಿಕೊಳ್ಳಿ.

ಮೊದಲ ವಾರದೊಳಗೆ ಅವರಿಗೆ ಒಂದೇ ಪುಟ ಬರೆದು ಕಳಿಸಿ: ಏನು ಮಾಡಿಕೊಡುತ್ತೇನೆ, ಏನು ಮಾಡುವುದಿಲ್ಲ, ಯಾವ ಸ್ಥಿತಿಗೆ ಬಂದರೆ ‘ಮುಗಿಯಿತು’. ಎರಡನೆಯದನ್ನು ಬರೆಯಲು ಸಂಕೋಚಪಟ್ಟರೆ ಕೆಲಸ ಬೆಳೆಯುತ್ತಲೇ ಹೋಗುತ್ತದೆ, ಒಂದೂ ಮುಗಿಯುವುದಿಲ್ಲ.

*

ಸಭೆಯ ಟಿಪ್ಪಣಿ ಬರೆಯುವ ಕೆಲಸ ಯಾರಿಗೂ ಬೇಡ. ಅದನ್ನು ಕೇಳಿ ಪಡೆಯಿರಿ. ಮಾತಾಡಿದ್ದನ್ನೆಲ್ಲ ಬರೆಯಬೇಡಿ. ತೀರ್ಮಾನ ಏನು, ಹೊಣೆ ಯಾರದು, ಯಾವ ದಿನದೊಳಗೆ, ಇಷ್ಟೇ. ಅದೇ ದಿನ ಎಲ್ಲರಿಗೂ ಹೋಗಬೇಕು. ಮುಂದಿನ ವಾರ ‘ಇದು ಎಲ್ಲಿಗೆ ಬಂತು?’ ಎಂದು ಹಿರಿಯರನ್ನೂ ಕೇಳುವ ಹಕ್ಕು ತಾನಾಗಿ ಬರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನ್ನ ಲೆಕ್ಕ. ದಿನಾಂಕದಲ್ಲಿ ತಿಂಗಳ ಹೆಸರು ಇರಲಿ: 03/07 ಅಮೆರಿಕದಲ್ಲಿ ಮಾರ್ಚ್ 7, ಬ್ರಿಟನ್ನಿನಲ್ಲಿ ಜುಲೈ 3.

*

ಜಪಾನ್ ಆದರೆ ಹೊಸ ಸಲಹೆಯನ್ನು ನೇರ ಸಭೆಯಲ್ಲಿ ಇಡಬೇಡಿ. ಮೊದಲೇ ಒಬ್ಬೊಬ್ಬರನ್ನು ಕಂಡು, ಅವರ ಆಕ್ಷೇಪ ಕೇಳಿ, ತಿದ್ದಿಕೊಂಡು ಬನ್ನಿ. ಅದಕ್ಕೆ ‘ನೆಮವಾಶಿ’ ಅನ್ನುತ್ತಾರೆ. ಮರವನ್ನು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಅಗೆದು ಅಣಿಮಾಡುವ ಕೆಲಸದಿಂದ ಬಂದ ಮಾತು. ಜರ್ಮನಿ, ನೆದರ್ಲ್ಯಾಂಡ್ಸ್‌ನಲ್ಲಿ ತಪ್ಪನ್ನು ಮುಖಕ್ಕೇ ಹೇಳುವುದು ಹೆಚ್ಚು. ಅದು ಕೆಲಸದ ಬಗ್ಗೆ, ನಿಮ್ಮ ಬಗ್ಗೆ ಅಲ್ಲ.

*

ಸಿಕ್ಕಿಹಾಕಿಕೊಂಡಾಗ ಎರಡು ದಿನ ಸುಮ್ಮನೆ ಕೂರುವುದೇ ದೊಡ್ಡ ತಪ್ಪು. ಅರ್ಧ ಗಂಟೆ ಒದ್ದಾಡಿ, ಆಮೇಲೆ ಕೇಳಿ: ಇದನ್ನು ಮಾಡಹೊರಟೆ, ಇಷ್ಟು ಪ್ರಯತ್ನಿಸಿದೆ, ಮುಂದೆ ಹೀಗೆ ಮಾಡಲೇ?

ಐದನೇ ವಾರ ‘ಹೇಗೆ ಮಾಡುತ್ತಿದ್ದೇನೆ?’ ಎಂದರೆ ‘ಚೆನ್ನಾಗಿದೆ’ ಅಂದು ಮುಗಿಸುತ್ತಾರೆ. ‘ಉಳಿದ ಐದು ವಾರದಲ್ಲಿ ಒಂದನ್ನು ಬದಲಿಸಿಕೊಳ್ಳಬೇಕೆಂದರೆ ಯಾವುದು?’ ಎಂದು ಕೇಳಿದರೆ ಯೋಚಿಸಲೇಬೇಕಾಗುತ್ತದೆ.

*

ಕೆಲಸ ಒಪ್ಪಿಸಿಕೊಡುವ ಕಡತ ಒಂಬತ್ತನೇ ವಾರಕ್ಕೇ ಸಿದ್ಧವಿರಲಿ. ಆ ಕೆಲಸ ಗೊತ್ತಿಲ್ಲದ ಒಬ್ಬರ ಮುಂದೆ ಅದನ್ನಿಟ್ಟು ನೀವು ತುಟಿ ಬಿಚ್ಚದೆ ಕೂರಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲೊಂದು ಹಂತ ಬಿಟ್ಟುಹೋಗಿದೆ. ಎಷ್ಟೋ ಸಲ ಅದು ನಿಮ್ಮ ಲಾಗಿನ್‌ನಿಂದ ಮಾತ್ರ ತೆರೆಯುವ ಫೈಲ್. ನೀವು ಹೊರಟ ಮೇಲೆ ಆ ಖಾತೆಯೂ ಇರುವುದಿಲ್ಲ.

ರೆಸ್ಯೂಮೆಯಲ್ಲಿ ‘ತಂಡ ಮುನ್ನಡೆಸಿದೆ’ ಬೇಡ, ‘ಎಷ್ಟು ಜನ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಎಷ್ಟು ಅಂತ ಬರೆಯಿರಿ. ಅದರಲ್ಲಿ ಹೊರಗೆ ಹೇಳಬಹುದಾದದ್ದು ಯಾವುದೆಂದು ಹೊರಡುವ ಮುನ್ನ ಇಮೇಲ್‌ನಲ್ಲಿ ಕೇಳಿ. ಕಂಪನಿಯ ಫೈಲನ್ನು ಸ್ವಂತ ಇಮೇಲ್‌ಗೆ ಎಂದಿಗೂ ಕಳಿಸಿಕೊಳ್ಳಬೇಡಿ.