ವೇಷ ಕಳಚಿದ ಮೇಲೂ ಅವನು ಹ್ಯೂಮನ್ ಟಾರ್ಗೆಟ್ ಹೌದಾ?

ತುಂಗಾತೀರ: ಫಾಕ್ಸ್ ಚಾನೆಲ್‌ನ 2010ರ ‘ಹ್ಯೂಮನ್ ಟಾರ್ಗೆಟ್’ ಧಾರಾವಾಹಿನ ಮೆಚ್ಚಿದವರು ಇದಕ್ಕೊಂದು ಉತ್ತರ ಕೊಡಿ. ಅದರ ನಾಯಕ, ಡಿಸಿ ಕಾಮಿಕ್ಸ್‌ನಿಂದ ಬಂದ ಕ್ರಿಸ್ಟೋಫರ್ ಚಾನ್ಸ್, ಬರೀ ಬಾಡಿಗಾರ್ಡ್ ಅಲ್ಲ. ಯಾರ ಮೇಲೆ ಸುಪಾರಿ ಇದೆಯೋ ಅವರ ಮುಖ, ದನಿ, ನಡಿಗೆ ಎಲ್ಲ ತನ್ನದು ಮಾಡಿಕೊಂಡು ಅವರ ಜಾಗದಲ್ಲಿ ತಾನೇ ಹೋಗಿ ನಿಲ್ಲೋನು. 1972ರಲ್ಲಿ ಲೆನ್ ವೀನ್ ಮತ್ತು ಕಾರ್ಮೈನ್ ಇನ್‌ಫ್ಯಾಂಟಿನೋ ಆಕ್ಷನ್ ಕಾಮಿಕ್ಸ್‌ನ 419ನೇ ಸಂಚಿಕೆಯಲ್ಲಿ ಅವನನ್ನ ತಂದಾಗಿನಿಂದ ಕಸುಬು ಅದೇ. ಫಾಕ್ಸ್‌ನವರು ಅದನ್ನೇ ಕೈಬಿಟ್ಟರು. ಮೊದಲ ಕಂತಿನ ಬುಲೆಟ್ ಟ್ರೇನ್‌ನಲ್ಲಿ ಚಾನ್ಸ್ ಪಾತ್ರದ ಮಾರ್ಕ್ ವ್ಯಾಲಿ ಕ್ಲೈಂಟ್ ಪಕ್ಕದಲ್ಲಿ ದುಭಾಷಿ ಆಗಿ ಕೂತಿರ್ತಾನೆ. ಆ ಕೆಲಸ ಯಾವ ಬಾಡಿಗಾರ್ಡ್ ಬೇಕಾದ್ರೂ ಮಾಡಬಹುದಲ್ವಾ?

ರೀಲುಗಾರ: ಟಿವಿಗೆ ಅದು ಹೊಂದೋದೇ ಇಲ್ಲ ಸರ್. ಚಿತ್ರಕಾರನಿಗೆ ಮುಖ ಬದಲಾಯಿಸೋದು ಒಂದು ಪ್ಯಾನೆಲ್ ಕೆಲಸ. ಟಿವಿಯಲ್ಲಿ ಹೀರೋ ಬೇರೆಯವರ ಮುಖ ತೊಟ್ಟ ಅಂದ್ರೆ ತೆರೆ ಮೇಲೆ ಇರೋದು ಆ ವಾರದ ಅತಿಥಿ ನಟ. ಜನ ವಾರ ವಾರ ಬಂದು ಕೂರೋದು ನಾಯಕನನ್ನ ನೋಡೋಕೆ. 1992ರಲ್ಲಿ ಎಬಿಸಿ ಚಾನೆಲ್ ರಿಕ್ ಸ್ಪ್ರಿಂಗ್‌ಫೀಲ್ಡ್‌ನ ಹಾಕಿ, ಮುಖವಾಡ ಸಮೇತ ಈ ಕಥೆ ಮಾಡಿತ್ತು. ಏಳೇ ಕಂತಿಗೆ ನಿಂತುಹೋಯ್ತು. ಫಾಕ್ಸ್‌ನವರು ಆ ತೊಡಕು ತೆಗೆದು ಎರಡು ಸೀಸನ್, 25 ಕಂತು ಓಡಿಸಿದ್ರು.

ತುಂಗಾತೀರ: ಏಳು ಕಂತಿಗೆ ನಿಂತಿದ್ದಕ್ಕೆ ಮುಖವಾಡ ಕಾರಣ ಅಂತ ಹೇಗೆ ಹೇಳ್ತೀರಿ? ಅದರಲ್ಲಿ ಬ್ಲ್ಯಾಕ್‌ವಿಂಗ್ ಅಂತ ಒಂದು ದೊಡ್ಡ ವಿಮಾನ, ಒಳಗೆ ಕಂಪ್ಯೂಟರು, ಲ್ಯಾಬು, ಒಂದು ಇಡೀ ತಂಡ. ಒಬ್ಬಂಟಿ ಮನುಷ್ಯನ ಕಥೆನ ಗ್ಯಾಜೆಟ್ ಅಂಗಡಿ ಮಾಡಿಟ್ಟಿದ್ರು. ಮುಖವಾಡದ ಉಪಾಯ ಕೆಟ್ಟದ್ದಲ್ಲ, ಅದರ ಸುತ್ತ ಕಟ್ಟಿದ ಕಥೆ ಸಪ್ಪೆ.

ಸಂಜೆಮಲ್ಲಿಗೆ: ‘ಆರೋ’ ಧಾರಾವಾಹಿಯ ಐದನೇ ಸೀಸನ್ ನೆನಪು ಮಾಡ್ಕೊಳ್ಳಿ. 2016. ಮೇಯರ್ ಆಲಿವರ್ ಕ್ವೀನ್ ಗುಂಡೇಟಿಗೆ ಸತ್ತ ಅಂತ ಎಲ್ಲರೂ ನಂಬ್ತಾರೆ. ಸತ್ತಂತೆ ಬಿದ್ದಿದ್ದು ಆಲಿವರ್ ವೇಷದಲ್ಲಿದ್ದ ಚಾನ್ಸ್. ಒಂದೇ ಕಂತಿನಲ್ಲಿ ಎಷ್ಟು ಚೊಕ್ಕವಾಗಿ ಮಾಡಿದ್ರು!

ರೀಲುಗಾರ: ಮೇಡಂ, ಅದು ನಡೆದಿದ್ದು ಅಲ್ಲಿ ನಾಯಕ ಆಲಿವರ್ ಆಗಿದ್ದಕ್ಕೆ. ಚಾನ್ಸ್ ಯಾರ ಮುಖ ಹಾಕಿದ್ರೂ ಜನಕ್ಕೆ ಕಾಣೋದು ಅವರಿಗೆ ಬೇಕಾದ ಮುಖವೇ. ಚಾನ್ಸ್‌ನನ್ನೇ ನಾಯಕ ಮಾಡಿ ವಾರಕ್ಕೊಂದು ಕಂತು ತೆಗೀರಿ, ಕಷ್ಟ ಗೊತ್ತಾಗುತ್ತೆ.

ಕಪ್ಪುಶಾಯಿ: ಫಾಕ್ಸ್‌ನವರು ವೇಷ ಕೈಬಿಟ್ರು ಅನ್ನೋದು ಅರ್ಧ ಸತ್ಯ. ಮೊದಲ ಸೀಸನ್ನಿನ ಕೊನೇ ಕಂತು ನೋಡಿ. ಈ ಮನುಷ್ಯ ಮೊದಲು ಬಾಡಿಗೆ ಕೊಲೆಗಾರ. ಒಬ್ಬ ಹೆಂಗಸನ್ನ ಕೊಲ್ಲಲಾರದೆ ಬಾಸ್‌ಗೆ ತಿರುಗಿ ನಿಲ್ತಾನೆ. ಅವಳು ಉಳಿಯೋದಿಲ್ಲ. ಕ್ರಿಸ್ಟೋಫರ್ ಚಾನ್ಸ್ ಅನ್ನೋದು ಅವನ ಹುಟ್ಟುಹೆಸರೂ ಅಲ್ಲ, ಅವನಿಗಿಂತ ಮೊದಲು ಆ ಹೆಸರು ಹೊತ್ತವನಾಗಿ ಲೀ ಮೇಜರ್ಸ್ ಬರ್ತಾರೆ. ಅಂದ್ರೆ ಅವನು ತೊಟ್ಟಿರೋ ವೇಷ ಚಾನ್ಸ್‌ನದ್ದೇ. ದಿನವೂ ತೊಟ್ಟು ಓಡಾಡ್ತಿದ್ದಾನೆ. ರಬ್ಬರ್ ಮುಖವಾಡಕ್ಕಿಂತ ಅದು ನನಗೆ ಹೆಚ್ಚು ತಟ್ಟಿತು.

ಕಾಮಿಕ್ಸ್ ಕಡೆಯಿಂದಲೂ ಒಂದು ಮಾತು. 2021ರಲ್ಲಿ ಶುರುವಾದ ಟಾಮ್ ಕಿಂಗ್, ಗ್ರೆಗ್ ಸ್ಮಾಲ್‌ವುಡ್ ಅವರ 12 ಸಂಚಿಕೆಗಳ ಸರಣಿಯಲ್ಲಿ ಚಾನ್ಸ್ ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್ ವೇಷದಲ್ಲಿದ್ದಾಗ ಲೂಥರ್‌ಗೆ ಇಟ್ಟ ವಿಷ ಕುಡೀತಾನೆ. ಬದುಕೋಕೆ ಉಳಿದಿದ್ದು 12 ದಿನ. ವೇಷದ ಕೆಲಸ ಹೆಚ್ಚುಕಡಿಮೆ ಅಲ್ಲಿಗೇ ಮುಗೀತು, ಆಮೇಲೆಲ್ಲ ತನ್ನನ್ನ ಕೊಂದವರು ಯಾರು ಅನ್ನೋ ಹುಡುಕಾಟ. ಅದಕ್ಕೇ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿ ಐಸ್ನರ್ ಬಂತು.

ತುಂಗಾತೀರ: ಲೀ ಮೇಜರ್ಸ್ ಬರೋ ದೃಶ್ಯ ಚೆನ್ನಾಗಿದೆ, ನಿಜ. ಆದರೆ ಅಲ್ಲಿಗೆ ಬರೋಕೆ 12 ಕಂತು ಬೇಕಾಯ್ತು. ಎರಡನೇ ಸೀಸನ್‌ನಲ್ಲಿ ಇಂದಿರಾ ವರ್ಮಾ ಪಾತ್ರದ ಶ್ರೀಮಂತೆಯನ್ನ ತಂದು, ಆ ಎಳೆ ಹಿಡಿದು ಬೆಳೆಸಲಿಲ್ಲ. ಇನ್ನು ಟಾಮ್ ಕಿಂಗ್ ಕಥೆ. ಆ ವಿಷ ಅವನ ಹೊಟ್ಟೆಗೆ ಹೋಗಿದ್ದೇ ಬೇರೆಯವನ ವೇಷದಲ್ಲಿ ಇದ್ದದ್ದಕ್ಕೆ. ವೇಷ ತೆಗೆದುಹಾಕಿ, ಆ 12 ದಿನಗಳ ಕಥೆಯೇ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ 1999ರಲ್ಲಿ ಪೀಟರ್ ಮಿಲಿಗನ್, ಎಡ್ವಿನ್ ಬಿಯುಕೋವಿಚ್ ಡಿಸಿಯದೇ ವರ್ಟಿಗೋ ವಿಭಾಗಕ್ಕೆ ಮಾಡಿದ ನಾಲ್ಕು ಸಂಚಿಕೆ. ಚಾನ್ಸ್‌ನ ಸಹಾಯಕ ಟಾಮ್ ಮ್ಯಾಕ್‌ಫಾಡನ್ ತಾನೇ ಚಾನ್ಸ್ ಅಂತ ನಂಬಿಬಿಟ್ಟಿರ್ತಾನೆ. ಪಾದ್ರಿಯೊಬ್ಬರ ವೇಷ ಹಾಕಿದವನು ಚಾನ್ಸ್ ಅಂದ್ಕೊಂಡು ಓದ್ತಾ ಹೋಗ್ತೀವಿ, ನೋಡಿದ್ರೆ ಒಳಗಿರೋದು ಟಾಮ್. ಮುಂದೆ ಮಿಲಿಗನ್ ಬರೆದ ‘ಫೈನಲ್ ಕಟ್’ ಕಾಮಿಕ್ಸ್‌ನಲ್ಲಿ ಚಾನ್ಸ್ ಫ್ರಾಂಕ್ ವೈಟ್ ಅನ್ನೋನ ವೇಷ ತೊಟ್ಟು ಅವನ ಹೆಂಡತಿ ಮೇರಿಯನ್ನ ಪ್ರೀತಿಸೋಕೆ ಶುರುಮಾಡ್ತಾನೆ. ಇನ್ನೊಬ್ಬನ ಸಂಸಾರದೊಳಗೆ ಹೋಗಿ ವಾಪಸ್ ಬರೋ ದಾರಿ ಮರೆಯೋದು, ಈ ಪಾತ್ರದ ಸಂಕಟ ಇರೋದೇ ಅಲ್ಲಿ. ದುಭಾಷಿ ಕೋಟು ಹಾಕಿದವನಿಗೆ ಆ ಸಂಕಟ ಎಲ್ಲಿಂದ ಬರಬೇಕು?

ಸಂಜೆಮಲ್ಲಿಗೆ: ಮಿಲಿಗನ್ ಕಥೆನ ತೆರೆಗೆ ತರೋದಾದ್ರೆ ರೀಲುಗಾರ ಅವರು ಹೇಳೋ ತೊಡಕೇ ಅನುಕೂಲ ಆಗುತ್ತೆ. ಪಾದ್ರಿ ಪಾತ್ರದ ನಟನೇ ಮೊದಲ ಕಂತು ಪೂರ್ತಿ ಇರಲಿ. ಆ ಮುಖ ಕಳಚಿ ಟಾಮ್ ಕಾಣಬೇಕು, ಆಮೇಲೆ ನಿಜವಾದ ಚಾನ್ಸ್. ನಾಯಕ ಯಾರು ಅನ್ನೋದನ್ನ ನೋಡೋರೇ ಹುಡುಕಲಿ.

ರೀಲುಗಾರ: ಆರೆಂಟು ಕಂತಿಗೆ ಮುಗಿಯೋ ಸರಣಿ ಆದ್ರೆ ನಾನೂ ಕೂತು ನೋಡ್ತೀನಿ. ಆದ್ರೆ 2010ರಲ್ಲಿ ವಾರಕ್ಕೊಂದು ಕಂತು, ನಡುನಡುವೆ ಜಾಹೀರಾತು, ಕಳೆದ ವಾರ ನೋಡದವನಿಗೂ ಅರ್ಥ ಆಗಬೇಕು ಅನ್ನೋ ಕಟ್ಟಳೆಯಲ್ಲಿ ಆ ಕಥೆ ನಡೀತಿರಲಿಲ್ಲ. ಮಾರ್ಕ್ ವ್ಯಾಲಿಗೆ ಸಿಕ್ಕಿದ್ದು ಆ ಕಾಲದ ಟಿವಿ. ಅದರೊಳಗೆ ಅವನು, ಚೈ ಮೆಕ್‌ಬ್ರೈಡ್, ಜಾಕಿ ಅರ್ಲ್ ಹೇಲಿ ಮೂವರೂ ಸೇರಿ ಕಟ್ಟಿದ ತಂಡ ಇವತ್ತು ನೋಡಿದ್ರೂ ಖುಷಿ ಕೊಡುತ್ತೆ. ಹೇಲಿಯ ಗೆರೆರೋ ದನಿ ಏರಿಸದೆ ಬೆದರಿಸೋದನ್ನ ನೋಡೋಕಾದ್ರೂ ಇನ್ನೊಂದು ಸಲ ನೋಡಿ ಸರ್.