ಕ್ವಿಬೆಕ್ ಸಿಟಿಯಲ್ಲಿ ಆ ಊರಿನದೇ ಊಟ ಎಲ್ಲಿ ಸಿಗುತ್ತದೆ?

ಸರಸ್ವತಿಪುರಂ_ಅಕ್ಕ:
ಮಗಳು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ. ಮಾರ್ಚ್ ಕೊನೆಗೆ ನಾನು, ಯಜಮಾನರು ಹೋಗುತ್ತಿದ್ದೇವೆ. ಹಳೇ ಕ್ವಿಬೆಕ್ ಸಿಟಿಯ ಕೋಟೆಗೋಡೆ ನೋಡಬೇಕು, ಅಲ್ಲಿನವರ ಊಟವನ್ನೂ ಮಾಡಬೇಕು. ಎಲ್ಲ ಕಡೆ ಸಿಗುವ ಪಿಜ್ಜಾ ಬೇಡ. ಯಜಮಾನರು ಮಾಂಸ ತಿನ್ನುತ್ತಾರೆ. ನನಗೆ ಮೊಟ್ಟೆ ಪರವಾಗಿಲ್ಲ, ಅದರಾಚೆಗೆ ಇಲ್ಲ. ಎಲ್ಲಿಗೆ ಹೋಗೋಣ?

ಪಾಂಡವಪುರದವ:
ಮೇಡಂ, ಕೆಲಸದ ಮೇಲೆ ಆ ಊರಲ್ಲಿ ಇದ್ದು ಬಂದವನು ನಾನು. ಮಾರ್ಚ್ ಕೊನೆ ಅಂದರೆ ಸರಿಯಾದ ಕಾಲ! ಮೊದಲು ಊರಾಚೆಯ ಯಾವುದಾದರೂ ಕಬಾನ್ ಆ ಸುಕ್ರ್‌ಗೆ ಹೋಗಿ. ಮೇಪಲ್ ಮರಗಳ ನಡುವೆ ಅವುಗಳ ರಸ ಕಾಯಿಸಿ ಪಾಕ ಮಾಡುವ, ಊಟವನ್ನೂ ಹಾಕುವ ಜಾಗ ಅದು, ನಮ್ಮ ಆಲೆಮನೆ ಇದ್ದ ಹಾಗೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಕೊಂಚ ಬಿಸಿ, ಹೀಗಿದ್ದರೇನೇ ಮರದಿಂದ ರಸ ಇಳಿಯುವುದು. ಸುಮಾರು 40 ಲೀಟರ್ ರಸ ಕಾಯಿಸಿದರೆ 1 ಲೀಟರ್ ಪಾಕ. ಗಟ್ಟಿಯಾಗುವಷ್ಟು ಕಾಯಿಸಿದ ಪಾಕವನ್ನು ಹಿಮದ ಮೇಲೆ ಸುರಿಯುತ್ತಾರೆ, ಕಡ್ಡಿಗೆ ಸುತ್ತಿಕೊಂಡು ತಿನ್ನಬೇಕು. ದಯವಿಟ್ಟು ಅದನ್ನು ಬಿಟ್ಟು ಬರಬೇಡಿ.

ನಿಮಗೆ ಅಲ್ಲಿ ಆಮ್ಲೆಟ್, ಪ್ಯಾನ್‌ಕೇಕ್ ಆಗುತ್ತದೆ. ಆದರೆ ಬಟಾಣಿ ಸೂಪ್‌ಗೆ ಹ್ಯಾಮ್ ಹಾಕುತ್ತಾರೆ. ಬೀನ್ಸ್ ಬೇಯುವುದು ಹಂದಿ ಕೊಬ್ಬಿನ ಜೊತೆ. ಸಕ್ಕರೆ ಪೈ ಅಂದರೆ ಸಿಹಿ ಹೂರಣದ ಬೇಕರಿ ತಿಂಡಿ, ಅದರ ಹಿಟ್ಟಿಗೂ ಕೆಲವರು ಹಂದಿ ಕೊಬ್ಬನ್ನೇ ಹಾಕುತ್ತಾರೆ, ಕೇಳಿಯೇ ತಿನ್ನಿ.

ಊರೊಳಗೆ ಸೇಂಟ್ ಲೂಯಿ ರಸ್ತೆಯಲ್ಲಿ ಲಾ ಬೂಶ್ ಅನ್ನುವ ಹೋಟೆಲ್ ಇದೆ, ಅಲ್ಲಿನ ಹಳ್ಳಿ ಕಡೆಯ ಊಟ. ಯಜಮಾನರು ತೂರ್ತಿಯೇರ್ ಕೇಳಲಿ, ಖೈಮ ತುಂಬಿದ ಪೈ ಅದು. ನನ್ನ ಮನಸ್ಸು ಮಾತ್ರ ಸೇಂಟ್ ಜಾನ್ ರಸ್ತೆಯ ಶೆ ಬೂಲೇ ಕಡೆಗೇ. ಚಳಿ ನಾಡಿನಲ್ಲಿ ಬೆಳೆಯುವುದನ್ನು, ಕಾಡಿನಲ್ಲಿ ಸಿಗುವುದನ್ನು ನೆಚ್ಚಿ ಅಡುಗೆ ಮಾಡುತ್ತಾರೆ. ಕಾಲಕ್ಕೆ ತಕ್ಕ ಹಾಗೆ ಮೆನು ಬದಲಾಗುತ್ತದೆ. ಮೊದಲೇ ಟೇಬಲ್ ಬುಕ್ ಮಾಡಿ.

ಒಂಟಿಕೊಪ್ಪಲ್_ಹುಡುಗ:
ಅಕ್ಕಾ, ಪುಟೀನ್ ತಿನ್ನದೆ ಬರಬೇಡಿ. ಆಲೂ ಫ್ರೈಸ್, ಚೀಸ್ ತುಂಡು, ಮೇಲೆ ಬಿಸಿ ಗ್ರೇವಿ. ಚೀಸ್ ತಾಜಾ ಇದ್ದರೆ ಹಲ್ಲಿಗೆ ಕಿರ್ ಅನ್ನುತ್ತದೆ. ಗ್ರೇವಿ ಸಾಮಾನ್ಯವಾಗಿ ಕೋಳಿ ಅಥವಾ ದನದ ಮಾಂಸದ ಸಾರಿನದು. ವೆಜ್ ಗ್ರೇವಿ ಇದೆಯಾ ಅಂತ ಕೇಳಿ.

ಸರಸ್ವತಿಪುರಂ_ಅಕ್ಕ:
ತುಂಬಾ ಉಪಕಾರ. ಓರ್ಲಿಯನ್ಸ್ ದ್ವೀಪದ ಸ್ಟ್ರಾಬೆರಿ ಚೆನ್ನಾಗಿರುತ್ತದೆ ಅಂತ ಮಗಳು ಹೇಳಿದಳು. ಆಗ ಸಿಗುತ್ತದಾ?

ಪಾಂಡವಪುರದವ:
ಇಲ್ಲ ಮೇಡಂ, ಅದು ಜೂನ್ ಕೊನೆಯಿಂದ. ಸೇಬು ಬೇಕಂದರೆ ಸೆಪ್ಟೆಂಬರ್. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ, ಈ ಸಲ ಮೇಪಲ್‌ಗೇ ಹೊಟ್ಟೆಯಲ್ಲಿ ಜಾಗ ಇಡಿ. ಇನ್ನೊಂದು ವಿಷಯ, ಮೆನುವಿನ ಬೆಲೆಗೆ ಸುಮಾರು 15% ತೆರಿಗೆ ಸೇರುತ್ತದೆ. ಟಿಪ್ಸ್ ಬೇರೆ, ಅದೂ 15% ಕೊಡುವ ವಾಡಿಕೆ. ಮಧ್ಯಾಹ್ನದ ಊಟಕ್ಕೆ ಹೋದರೆ ಖರ್ಚು ಕಡಿಮೆ.